ನಮ್ಮ ಚಾನಲ್ ನೀರಿನ ತವರುಮನೆ



ನಮ್ಮೂರ ಚಾನಲ್‌ನಲ್ಲಿ ನೀರು ಎಲ್ಲಿಂದ ಬರುತ್ತೆ ಅಂತ ಯಾರನ್ನಾದರೂ ಕೇಳಿ ನೋಡಿ. "ಡ್ಯಾಮಿಂದ" ಅಂತಾರೆ. ಡ್ಯಾಮಿಗೆ ಎಲ್ಲಿಂದ? "ಹೊಳೆಯಿಂದ." ಹೊಳೆಗೆ ಎಲ್ಲಿಂದ? "ಮಳೆಯಿಂದ, ಇನ್ನೆಲ್ಲಿಂದ!" ಅಂತ ನಕ್ಕು ಬಿಡ್ತಾರೆ. ಉತ್ತರ ಸರಿ. ಆದರೆ ಒಂದು ಮಾತು ಯೋಚಿಸಿ. ನಮ್ಮ ಕಡೆ ಜೋರು ಮಳೆ ಬರೋದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಕ್ಟೋಬರ್, ನವೆಂಬರ್‌ನಲ್ಲಿ ಅಷ್ಟಿಷ್ಟು ಹಿಂಗಾರು. ಆಮೇಲೆ ಆಕಾಶ ಖಾಲಿ. ಆದರೂ ಕಾಡಿನ ಹಳ್ಳಗಳು ಶಿವರಾತ್ರಿ ಕಳೆದರೂ, ಯುಗಾದಿ ಬಂದರೂ ಸಣ್ಣಗಾದರೂ ಹರೀತಾನೇ ಇರುತ್ತವೆ. ಮಳೆಯಿಲ್ಲದ ಆ ನಾಲ್ಕೈದು ತಿಂಗಳು ಹಳ್ಳಕ್ಕೆ ನೀರು ಕೊಡುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದಾಗ ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಇದನ್ನು ಈಗಲೇ ಬರೆಯೋಕೆ ಎರಡು ಕಾರಣ. ಒಂದು, ಮುಂದಿನ ತಿಂಗಳು ನಮ್ಮ ಶಾಲೆಯಿಂದ ಗಿರಿಗೆ ಪ್ರವಾಸ ಇದೆ. ಏನನ್ನು ನೋಡೋಕೆ ಹೋಗ್ತಿದ್ದೀವಿ ಅಂತ ತಿಳಿದುಕೊಂಡು ಹೋದರೆ ಒಳ್ಳೆಯದು. ಎರಡನೆಯದು, ನನ್ನ ತಾಯಿಯ ತಾಯಿ, ಅಂದರೆ ನನ್ನ ಅಜ್ಜಿ, ಆ ಕಾಡಿನೊಳಗೇ ಬಾಳಿದವರು. ಅವರ ವಿಷಯ ಆಮೇಲೆ ಬರುತ್ತೆ.

ಅರ್ಧಚಂದ್ರದ ಬೆಟ್ಟ

ನಮ್ಮ ಜಿಲ್ಲೆಯ ಭೂಪಟವನ್ನು ಗೋಡೆಗೆ ಹಾಕಿ ನೋಡಿ. ಚಿಕ್ಕಮಗಳೂರಿನ ಉತ್ತರಕ್ಕೆ ಬೆಟ್ಟದ ಸಾಲೊಂದು ಕುದುರೆಯ ಲಾಳದ ಹಾಗೆ ಬಾಗಿದೆ. ಇದೇ ಬಾಬಾಬುಡನ್‌ಗಿರಿ ಶ್ರೇಣಿ. ಹಳೆಯ ಹೆಸರು ಚಂದ್ರದ್ರೋಣ ಪರ್ವತ. ಅರ್ಧಚಂದ್ರದ ಆಕಾರ ಇರೋದಕ್ಕೇ ಆ ಹೆಸರು ಬಂತು ಅಂತಾರೆ. ಲಾಳದ ಬಾಯಿ ವಾಯವ್ಯಕ್ಕೆ, ಅಂದರೆ ಭದ್ರಾ ಹೊಳೆಯ ಕಡೆಗೆ ತೆರೆದಿದೆ. ಲಾಳದ ಒಳಗಿನ ತಗ್ಗೇ ಜಾಗರ ಕಣಿವೆ.

ಈ ಸಾಲಿನಲ್ಲಿರುವ ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರದ ಶಿಖರ. ಎತ್ತರ ಸುಮಾರು 1,930 ಮೀಟರ್. ಸಾವಿರ ಮೀಟರ್ ಮೇಲೆ ಹತ್ತಿದರೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತೆ ಅಂತ ನಮ್ಮ ಪಾಠದಲ್ಲಿ ಬಂದಿದೆ. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್ ಮೇಲಿದೆ. ಅಲ್ಲಿಂದ ಶಿಖರಕ್ಕೆ ಇನ್ನೂ ಎಂಟುನೂರು ಮೀಟರ್‌ಗಿಂತ ಹೆಚ್ಚು. ಅಂದರೆ ಪೇಟೆಗಿಂತ ಶಿಖರದ ಮೇಲೆ ಐದು ಡಿಗ್ರಿಯಷ್ಟು ತಂಪು. ಪ್ರವಾಸಕ್ಕೆ ಬರುವಾಗ ಸ್ವೆಟರ್ ತರೋದು ಮರೆಯಬೇಡಿ!

ಈ ಬೆಟ್ಟದ ಕಲ್ಲು ಬಹಳ ಹಳೆಯದು. 250 ಕೋಟಿ ವರ್ಷಕ್ಕಿಂತ ಹಿಂದಿನದು. ಹಿಮಾಲಯ ಇದರ ಮುಂದೆ ತೊಟ್ಟಿಲ ಕೂಸು. ಕಲ್ಲಿನಲ್ಲಿ ಕಬ್ಬಿಣದ ಅಂಶ ತುಂಬಾ ಇದೆ. ಕೆಮ್ಮಣ್ಣುಗುಂಡಿ ಅನ್ನೋ ಹೆಸರೇ ಅದನ್ನು ಹೇಳುತ್ತೆ, ಕೆಂಪು ಮಣ್ಣಿನ ಗುಂಡಿ. ಮೊದಲು ಇಲ್ಲಿಂದಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿತ್ತು. ಈಗ ಅಲ್ಲಿ ಗಣಿ ಇಲ್ಲ, ಹೂದೋಟ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ಅಲ್ಲಿ ತಂಗುತ್ತಿದ್ದರು.

ಇನ್ನೊಂದು ವಿಷಯ. ನಾವು ಬೆಳಿಗ್ಗೆ ಎದ್ದು ಕುಡಿಯುವ ಕಾಫಿ ನಮ್ಮ ದೇಶದಲ್ಲಿ ಮೊದಲು ಬೇರು ಬಿಟ್ಟದ್ದು ಈ ಗಿರಿಯ ಮೇಲೆ. ಬಾಬಾಬುಡನ್ ಅವರು 17ನೇ ಶತಮಾನದಲ್ಲಿ ಯೆಮೆನ್ ದೇಶದಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರು ಅಂತ ಎಲ್ಲರೂ ಹೇಳುತ್ತಾರೆ.

ಒಂದು ಬೆಟ್ಟ, ಮೂರು ದಾರಿ

ಮನೆಯ ಹೆಂಚಿನ ಮಾಡಿನ ನೆತ್ತಿಯ ಮೇಲೆ ಬಿದ್ದ ಮಳೆ ಎರಡು ಕಡೆಗೂ ಇಳಿಯುತ್ತೆ ಅಲ್ವಾ? ಬೆಟ್ಟವೂ ಹಾಗೆಯೇ. ಆದರೆ ಈ ಬೆಟ್ಟದ ಮಾಡು ಮೂರು ಕಡೆಗೆ ಇಳಿಜಾರು.

ಮೊದಲನೆಯದು ಲಾಳದ ಒಳಗೆ. ಜಾಗರ ಕಣಿವೆಯ ಹಳ್ಳಗಳು, ಮುತ್ತೋಡಿ ಕಾಡಿನ ನಡುವೆ ಹರಿಯುವ ಸೋಮವಾಹಿನಿ, ಇವೆಲ್ಲ ಭದ್ರೆಯನ್ನು ಸೇರುತ್ತವೆ. ಭದ್ರೆ ಹುಟ್ಟುವುದು ಇಲ್ಲಲ್ಲ, ಕುದುರೆಮುಖದ ಹತ್ತಿರ ಗಂಗಾಮೂಲದಲ್ಲಿ. ತುಂಗೆ ಮತ್ತು ನೇತ್ರಾವತಿಯರಿಗೂ ಅದೇ ಹೆರಿಗೆ ಮನೆ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನ ಹತ್ತಿರ ಅರಬ್ಬೀ ಸಮುದ್ರ ಸೇರುತ್ತಾಳೆ. ಭದ್ರೆ ಇತ್ತ ತಿರುಗಿ ದಾರಿಯುದ್ದಕ್ಕೂ ಇಂಥ ನೂರಾರು ಹಳ್ಳಗಳನ್ನು ಕೂಡಿಸಿಕೊಂಡು ಲಕ್ಕವಳ್ಳಿಯ ಡ್ಯಾಮಿಗೆ ಬರುತ್ತಾಳೆ. ಅಲ್ಲಿಂದ ಕೂಡ್ಲಿಯಲ್ಲಿ ತುಂಗೆಯ ಜೊತೆ ಸೇರಿ ತುಂಗಭದ್ರೆಯಾಗಿ, ಕೊನೆಗೆ ಕೃಷ್ಣೆಯನ್ನು ಸೇರುತ್ತಾಳೆ.

ಎರಡನೆಯದು ಬೆಟ್ಟದ ಬೆನ್ನ ಕಡೆ, ಪೂರ್ವಕ್ಕೆ. ಆ ನೀರು ಸಖರಾಯಪಟ್ಟಣದ ಅಯ್ಯನಕೆರೆ, ಕಡೂರು ಕಡೆಯ ಮದಗದಕೆರೆಗಳನ್ನು ತುಂಬಿಸಿ, ವೇದಾವತಿ ಎಂಬ ಹೆಸರಿನಲ್ಲಿ ಬಯಲುಸೀಮೆಗೆ ಹೋಗುತ್ತೆ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಅದಕ್ಕೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಇದೆ. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಬೆಟ್ಟದ ಒಳಮೈಗೂ ಹೊರಮೈಗೂ ಎಷ್ಟು ವ್ಯತ್ಯಾಸ ಇದೆ ಅನ್ನೋದಕ್ಕೆ ಇದೊಂದೇ ಲೆಕ್ಕ ಸಾಕು. ಮುಂಗಾರು ಮೋಡ ಪಶ್ಚಿಮದಿಂದ ಬಂದು ಬೆಟ್ಟಕ್ಕೆ ಡಿಕ್ಕಿ ಹೊಡೆದು ಈ ಕಡೆಯೇ ಹೆಚ್ಚು ಸುರಿಸಿ, ಆ ಕಡೆಗೆ ದಾಟುವಾಗ ಬಡವಾಗಿರುತ್ತೆ. ಮಳೆ ನೆರಳಿನ ಪ್ರದೇಶ ಅಂತ ಭೂಗೋಳದಲ್ಲಿ ಓದಿದ್ದೀವಲ್ಲ, ಅದು ಇದೇ.

ಮೂರನೆಯದು ದಕ್ಷಿಣಕ್ಕೆ. ಯಗಚಿ ನದಿ ಈ ಶ್ರೇಣಿಯ ಮಗ್ಗುಲಲ್ಲೇ ಹುಟ್ಟಿ ಬೇಲೂರಿನ ಮೇಲೆ ಹಾದು, ಗೊರೂರಿನ ಹತ್ತಿರ ಹೇಮಾವತಿಯನ್ನು ಸೇರಿ, ಕಾವೇರಿಗೆ ಹೋಗುತ್ತೆ.

ನೋಡಿ, ಅಕ್ಕಪಕ್ಕ ಬಿದ್ದ ಮೂರು ಹನಿ. ಒಂದು ದಾವಣಗೆರೆ ಕಡೆಯ ಭತ್ತದ ಗದ್ದೆಗೆ, ಒಂದು ಹಿರಿಯೂರಿನ ತೋಟಕ್ಕೆ, ಒಂದು ಕಾವೇರಿಗೆ. ಒಂದೇ ತಾಯಿಯ ಮಕ್ಕಳನ್ನು ಮೂರು ಊರಿಗೆ ಕೊಟ್ಟ ಹಾಗೆ. ಇನ್ನೂ ತಮಾಷೆ ಅಂದರೆ, ಗಿರಿಗೆ ಹತ್ತಿರ ಇರೋದು ಅರಬ್ಬೀ ಸಮುದ್ರ. ಆದರೆ ಈ ಮೂವರೂ ಹೋಗಿ ಸೇರೋದು ದೂರದ ಬಂಗಾಳ ಕೊಲ್ಲಿಯನ್ನು.

ಬೆಟ್ಟ ನೀರನ್ನು ಹೇಗೆ ಕೂಡಿಡುತ್ತೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ.

ಗಿರಿಯ ಮೇಲೆ ನಿಂತು ನೋಡಿದರೆ ಎರಡು ಬಣ್ಣ ಕಾಣುತ್ತವೆ. ಗುಡ್ಡದ ತಲೆ, ಬೆನ್ನಿನ ಮೇಲೆಲ್ಲ ತಿಳಿಹಸಿರು ಹುಲ್ಲು. ಎರಡು ಗುಡ್ಡ ಕೂಡುವ ಮಡಿಕೆಯಲ್ಲಿ ಮಾತ್ರ ಕಡುಹಸಿರು ಕಾಡು, ತಲೆಗೂದಲು ಒತ್ತಾಗಿ ಬೆಳೆದ ಹಾಗೆ. ಈ ಮಡಿಕೆ ಕಾಡಿಗೆ ಶೋಲಾ ಕಾಡು ಅಂತ ಹೆಸರು. ಮರಗಳು ಕುಳ್ಳಗೆ, ಕೊಂಬೆ ಸೊಟ್ಟ, ಮೈತುಂಬಾ ಪಾಚಿ. ಒಳಗೆ ಹೋದರೆ ಮಧ್ಯಾಹ್ನವೂ ಸಂಜೆಯ ಹಾಗೆ ಇರುತ್ತೆ.

ಮಳೆ ಬಂದಾಗ ಏನಾಗುತ್ತೆ? ಹನಿ ನೇರವಾಗಿ ನೆಲಕ್ಕೆ ಬಡಿಯೋದಿಲ್ಲ. ಮೊದಲು ಎಲೆಗೆ, ಎಲೆಯಿಂದ ಕೊಂಬೆಗೆ, ಕೊಂಬೆಯಿಂದ ಪಾಚಿಗೆ ಇಳಿದು, ಆಮೇಲೆ ತರಗೆಲೆಯ ಹಾಸಿಗೆಗೆ ಬರುತ್ತೆ. ಅಷ್ಟರಲ್ಲಿ ಅದರ ಸಿಟ್ಟು ಇಳಿದಿರುತ್ತೆ. ತರಗೆಲೆಯ ಕೆಳಗಿನ ಕಪ್ಪು ಮಣ್ಣು ಸ್ಪಂಜಿನ ಹಾಗೆ. ಎರೆಹುಳ, ಗೆದ್ದಲು, ಇರುವೆ ಕೊರೆದ ತೂತುಗಳು, ಕೊಳೆತ ಬೇರು ಬಿಟ್ಟುಹೋದ ದಾರಿಗಳು ಅಲ್ಲಿ ತುಂಬಿವೆ. ನೀರು ಅವುಗಳಲ್ಲಿ ಇಳಿದು, ಕಲ್ಲಿನ ಬಿರುಕಿಗೆ ಸೇರಿ, ನಿಧಾನವಾಗಿ, ತಿಂಗಳುಗಟ್ಟಲೆ ನಡೆದು, ಕೆಳಗೆ ಎಲ್ಲೋ ಒರತೆಯಾಗಿ ಹೊರಗೆ ಬರುತ್ತೆ. ಫೆಬ್ರವರಿಯಲ್ಲಿ ಹಳ್ಳದಲ್ಲಿ ನಾವು ನೋಡುವ ನೀರು ಹಿಂದಿನ ಮಳೆಗಾಲದ್ದು! ಹುಂಡಿಯಲ್ಲಿ ಹಾಕಿಟ್ಟ ದುಡ್ಡು ಕಷ್ಟಕಾಲಕ್ಕೆ ಸಿಕ್ಕ ಹಾಗೆ.

ನಂಬಿಕೆ ಬರದಿದ್ದರೆ ನೀವೇ ಮಾಡಿ ನೋಡಿ. ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟ ಪ್ರಯೋಗ ಇದು. ಎರಡು ದೊಡ್ಡ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡು ಅಡ್ಡ ಮಲಗಿಸಿ, ಮೇಲ್ಭಾಗ ಕತ್ತರಿಸಿ ದೋಣಿಯ ಹಾಗೆ ಮಾಡಿ. ಒಂದಕ್ಕೆ ಬರೀ ಮಣ್ಣು ತುಂಬಿ. ಇನ್ನೊಂದಕ್ಕೆ ಗದ್ದೆಯ ಬದುವಿನಿಂದ ಬೇರು ಸಮೇತ ಹುಲ್ಲಿನ ಹೆಂಟೆ ತಂದು ಕೂರಿಸಿ. ಎರಡನ್ನೂ ಸ್ವಲ್ಪ ಓರೆಯಾಗಿಟ್ಟು, ಬಾಯಿಯ ಕೆಳಗೆ ಒಂದೊಂದು ಲೋಟ ಇಡಿ. ಎರಡಕ್ಕೂ ಒಂದೇ ಅಳತೆ ನೀರು ಹೊಯ್ಯಿರಿ. ನಾನು ನಮ್ಮ ಜಗಲಿಯ ಮೇಲೆ ಮಾಡಿದೆ. ಬರೀ ಮಣ್ಣಿನ ಬಾಟಲಿಯಿಂದ ನೀರು ದಡಕ್ಕಂತ ಇಳಿದು ಬಂತು, ಟೀ ಬಣ್ಣಕ್ಕಿತ್ತು, ಸ್ವಲ್ಪ ಹೊತ್ತಿಗೆ ನಿಂತೇ ಹೋಯಿತು. ಹುಲ್ಲಿನ ಬಾಟಲಿಯಿಂದ ತಡವಾಗಿ ಬಂತು, ತಿಳಿಯಾಗಿತ್ತು, ನಾನು ಊಟ ಮುಗಿಸಿ ಬಂದಾಗಲೂ ತೊಟ್ಟಿಕ್ಕುತ್ತಾ ಇತ್ತು. ಮೊದಲನೆಯದು ಬೋಳು ಗುಡ್ಡ. ಎರಡನೆಯದು ಗಿರಿ.

ಹುಲ್ಲು ಅಂತ ಹಗುರವಾಗಿ ನೋಡಬೇಡಿ

ಗಿರಿಯ ಮೇಲಿನ ಹುಲ್ಲುಗಾವಲನ್ನು ನೋಡಿ ಎಷ್ಟೋ ಜನ "ಅಯ್ಯೋ, ಎಷ್ಟೊಂದು ಖಾಲಿ ಜಾಗ, ಗಿಡ ನೆಡಬಹುದಿತ್ತಲ್ಲ" ಅಂತಾರೆ. ಅದು ಖಾಲಿ ಜಾಗ ಅಲ್ಲ. ಅಷ್ಟು ಎತ್ತರದಲ್ಲಿ ಗಾಳಿ ಜೋರು, ಮಣ್ಣು ತೆಳು. ದೊಡ್ಡ ಮರ ನಿಲ್ಲೋದು ಕಷ್ಟ. ಹುಲ್ಲು ಮಾತ್ರ ಬೇರಿನ ಬಲೆ ಹೆಣೆದು ಮಣ್ಣನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತೆ. ಮಳೆಯನ್ನು ಕುಡಿದು ಕೆಳಗಿನ ಶೋಲಾ ಕಾಡಿಗೆ ದಾಟಿಸುತ್ತೆ. ಮೇಲೆ ಹುಲ್ಲು, ಮಡಿಕೆಯಲ್ಲಿ ಕಾಡು, ಕೆಳಗೆ ಹಳ್ಳ. ಇವು ಮೂರೂ ಒಂದೇ ಸಂಸಾರ. ಒಬ್ಬರನ್ನು ಬಿಡಿಸಿದರೆ ಸಂಸಾರ ಕೆಡುತ್ತೆ.

ಅಕೇಶಿಯಾದಂಥ ಹೊರಗಿನ ಮರ ತಂದು ಹುಲ್ಲಿನ ಮೇಲೆ ನೆಟ್ಟರೆ ಏನಾಗುತ್ತೆ? ಅವು ಬೇಗ ಬೆಳೆಯುತ್ತವೆ, ಬೇಗ ಬೆಳೆಯುವ ಮರ ಹೆಚ್ಚು ನೀರು ಕುಡಿಯುತ್ತೆ. ಹುಲ್ಲು ಸಾಯುತ್ತೆ. ಹುಲ್ಲನ್ನೇ ನಂಬಿದ ಹಕ್ಕಿ, ಚಿಟ್ಟೆ, ಕಡವೆ, ಕಾಟಿ ಎಲ್ಲಕ್ಕೂ ತೊಂದರೆ. ಹಾಗಾಗಿ ವನಮಹೋತ್ಸವದ ದಿನ ನಾವು ಗಿಡ ನೆಡಬೇಕಾದದ್ದು ಶಾಲೆಯ ಬಯಲಿನಲ್ಲಿ, ರಸ್ತೆಯ ಪಕ್ಕದಲ್ಲಿ, ಕೆರೆಯ ಏರಿಯ ಕೆಳಗೆ. ಗಿರಿಯ ಹುಲ್ಲಿನ ಮೇಲಲ್ಲ.

ಕುರಿಂಜಿ ಅನ್ನೋ ಗಿಡ ಬೆಳೆಯೋದೂ ಈ ಹುಲ್ಲಿನ ನಡುವೆಯೇ. ಅದರಲ್ಲಿ ಬೇರೆ ಬೇರೆ ಜಾತಿ ಇವೆ. ಕೆಲವು ಏಳು ವರ್ಷಕ್ಕೊಮ್ಮೆ, ಕೆಲವು ಹನ್ನೆರಡು ವರ್ಷಕ್ಕೊಮ್ಮೆ ಒಟ್ಟಿಗೆ ಹೂ ಬಿಡುತ್ತವೆ. 2022ರಲ್ಲಿ ಗಿರಿಯ ಇಳಿಜಾರು ನೀಲಿಯಾಗಿತ್ತು. ಹೂ ಬಿಟ್ಟ ಗಿಡ ಬೀಜ ಉದುರಿಸಿ ಸತ್ತು ಹೋಗುತ್ತೆ. ಒಂದು ಗಿಡ ಕಿತ್ತು ತಂದರೆ ಅದರ ಎಷ್ಟೋ ವರ್ಷದ ತಪಸ್ಸನ್ನು ಕಿತ್ತ ಹಾಗೆ.

ಬೆಂಕಿಯೂ ದೊಡ್ಡ ಶತ್ರು. ಫೆಬ್ರವರಿ, ಮಾರ್ಚ್‌ನಲ್ಲಿ ಹುಲ್ಲು ಒಣಗಿ ಕಾಗದದ ಹಾಗಾಗುತ್ತೆ. ಒಂದು ಬೀಡಿ ತುಂಡು ಸಾಕು. ಬೆಂಕಿ ಗಾಳಿಯ ಜೊತೆ ಗುಡ್ಡ ಹತ್ತಿ ಶೋಲಾ ಕಾಡಿನ ಅಂಚು ಸುಡುತ್ತೆ. ಅಂಚು ಸುಟ್ಟರೆ ಕಾಡು ವರ್ಷ ವರ್ಷ ಒಳಗೊಳಗೆ ಸರಿಯುತ್ತೆ. ತರಗೆಲೆಯ ಸ್ಪಂಜು ಬೂದಿಯಾದ ಮೇಲೆ ಮೊದಲ ಮಳೆಗೆ ಆ ಬೂದಿ, ಮಣ್ಣು ಎರಡೂ ತೊಳೆದುಕೊಂಡು ಹಳ್ಳಕ್ಕೆ.

ಸ್ವಲ್ಪ ಲೆಕ್ಕ ಮಾಡೋಣ

ಭದ್ರಾ ಡ್ಯಾಮಿನ ಪೂರ್ತಿ ಮಟ್ಟ 186 ಅಡಿ. ಅದರಲ್ಲಿ ಹಿಡಿಯುವ ನೀರು ಸುಮಾರು 71.5 ಟಿಎಂಸಿ. ಪೇಪರಿನಲ್ಲಿ ದಿನಾ ಓದ್ತೀವಿ, ಆದರೆ ಒಂದು ಟಿಎಂಸಿ ಅಂದರೆ ಎಷ್ಟು? ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಹೇಳಿದರೆ ಸುಮಾರು 2,832 ಕೋಟಿ ಲೀಟರ್.

ಈಗ ಒಂದು ಚದರ ಕಿಲೋಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಲಕ್ಷ ಲೀಟರ್ ನೀರಾಗುತ್ತೆ. ಭದ್ರಾ ವನ್ಯಜೀವಿ ಧಾಮದ ವಿಸ್ತೀರ್ಣ ಸುಮಾರು 492 ಚದರ ಕಿಲೋಮೀಟರ್. ಅಂದರೆ ಧಾಮದ ಮೇಲೆಲ್ಲ ಒಂದು ಮಿಲಿಮೀಟರ್ ಮಳೆಗೆ 49 ಕೋಟಿ ಲೀಟರ್‌ಗೂ ಹೆಚ್ಚು. ಭಾಗಿಸಿ ನೋಡಿ. ಧಾಮದ ಮೇಲೆ ಸುಮಾರು 58 ಮಿಲಿಮೀಟರ್ ಮಳೆಯಾಗಿ, ಒಂದು ಹನಿಯೂ ನಷ್ಟವಾಗದೆ ಹರಿದರೆ ಒಂದು ಟಿಎಂಸಿ. ಆದರೆ ನಿಜವಾಗಿ ಹಾಗೆ ಆಗೋದಿಲ್ಲ. ಮರ ಕುಡಿಯುತ್ತೆ, ಬಿಸಿಲು ಕುಡಿಯುತ್ತೆ, ನೆಲ ಕುಡಿಯುತ್ತೆ. ನೆಲ ಕುಡಿದದ್ದರಲ್ಲಿ ಒಂದು ಪಾಲು ಬೇಸಿಗೆಯಲ್ಲಿ ನಮಗೆ ವಾಪಸ್ ಸಿಗುತ್ತೆ. ಬೋಳು ನೆಲವಾದರೆ ನೀರು ಒಂದೇ ಸಲ ಬಂದು, ಜೊತೆಗೆ ಮಣ್ಣನ್ನೂ ತಂದು ಡ್ಯಾಮಿನ ತಳದಲ್ಲಿ ಹೂಳು ತುಂಬುತ್ತೆ. ಹೂಳು ತುಂಬಿದಷ್ಟೂ ನೀರಿಗೆ ಜಾಗ ಕಡಿಮೆ.

2023ರಲ್ಲಿ ಮಳೆ ಕೈಕೊಟ್ಟದ್ದು ನಿಮಗೆಲ್ಲ ನೆನಪಿದೆ. ಡ್ಯಾಮ್ ತುಂಬಲಿಲ್ಲ. ಚಾನಲ್‌ಗೆ ನೀರು ಬಿಡೋದು, ನಿಲ್ಲಿಸೋದು, ಮತ್ತೆ ಬಿಡೋದು ಆಯಿತು. ನಮ್ಮಪ್ಪ ರಾತ್ರಿ ಬ್ಯಾಟರಿ ಹಿಡಿದು ತೂಬಿನ ಹತ್ತಿರ ಕಾಯುತ್ತಿದ್ದರು. ನೀರುಗಂಟಿಯ ಜೊತೆ ಜಗಳ, ಪಕ್ಕದ ಗದ್ದೆಯವರ ಜೊತೆ ಮಾತು ಬಿಟ್ಟದ್ದು, ಎಲ್ಲ ಆಯಿತು. ಕೊನೇ ಭಾಗದ ರೈತರ ಪಾಡಂತೂ ಕೇಳೋದೇ ಬೇಡ. ಮಳೆ ಬರಿಸೋದು ನಮ್ಮ ಕೈಲಿಲ್ಲ. ಬಂದ ಮಳೆಯನ್ನು ಕೂಡಿಡುವ ಬೆಟ್ಟವನ್ನು ಕೆಡಿಸದೆ ಇರೋದು ನಮ್ಮ ಕೈಲಿದೆ.

ಕಾಪಾಡಿದ ಕಾಡು ಅಂದರೇನು?

1951ರಲ್ಲಿ ಈ ಕಣಿವೆಯನ್ನು ಜಾಗರ ಕಣಿವೆ ವನ್ಯಜೀವಿ ಧಾಮ ಎಂದು ಘೋಷಿಸಿದರು. 1970ರ ದಶಕದಲ್ಲಿ ಲಕ್ಕವಳ್ಳಿಯ ಕಾಡನ್ನೂ ಸೇರಿಸಿ ದೊಡ್ಡದು ಮಾಡಿ ಭದ್ರಾ ಅಂತ ಹೆಸರಿಟ್ಟರು. 1998ರಲ್ಲಿ ಹುಲಿ ಯೋಜನೆಗೆ ಸೇರಿತು.

ಈ ಹೆಸರುಗಳ ನಡುವಿನ ವ್ಯತ್ಯಾಸ ತಿಳಿದಿರಲಿ. ಮೀಸಲು ಅರಣ್ಯ ಅಂದರೆ ಸರ್ಕಾರ ಕಾಯ್ದಿಟ್ಟ ಕಾಡು. ವನ್ಯಜೀವಿ ಧಾಮ ಅಂದರೆ ಪ್ರಾಣಿ, ಗಿಡಗಳಿಗೆ ಅಂತಲೇ ಬಿಟ್ಟುಕೊಟ್ಟದ್ದು, ಬೇಟೆ ಪೂರ್ತಿ ನಿಷೇಧ. ರಾಷ್ಟ್ರೀಯ ಉದ್ಯಾನದಲ್ಲಿ ಕಟ್ಟುಪಾಡು ಇನ್ನೂ ಬಿಗಿ, ದನ ಮೇಯಿಸುವಂತೆಯೂ ಇಲ್ಲ. ಇವೆರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ನಡುವಿನ ಕಾಡು ಹುಲಿಗೆ, ಸುತ್ತಲಿನ ಅಂಚಿನಲ್ಲಿ ಜನರೂ ಕಾಡೂ ಹೊಂದಿಕೊಂಡು ಇರಬೇಕು ಅನ್ನೋ ಏರ್ಪಾಡು.

ಅಲ್ಲಿ ಹುಲಿ, ಆನೆ, ಕಾಟಿ, ಕಡವೆ, ಜಿಂಕೆ, ನೀರುನಾಯಿ, ಕೆಂದಳಿಲು ಎಲ್ಲ ಇವೆ. ಲಕ್ಕವಳ್ಳಿ ಕಡೆ ಒಂದು ತೇಗದ ಮರ ಇದೆ, ಮುನ್ನೂರು ವರ್ಷಕ್ಕಿಂತ ಹಳೆಯದು ಅಂತಾರೆ. ಸುತ್ತಳತೆ ಐದು ಮೀಟರ್. ನಮ್ಮಂಥ ನಾಲ್ವರು ಕೈ ಕೈ ಹಿಡಿದರೆ ತಬ್ಬಬಹುದು. ಬೇಸಿಗೆಯಲ್ಲಿ ಡ್ಯಾಮಿನ ನೀರು ಇಳಿದು ನಡುಗಡ್ಡೆಗಳು ಎದ್ದಾಗ, ರಿವರ್ ಟರ್ನ್ ಎಂಬ ಹಕ್ಕಿಗಳು ಸಾವಿರಾರು ಬಂದು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಬೂದಿಬಿಳಿ ಮೈ, ಕರಿ ಟೋಪಿ, ಹಳದಿ ಕೊಕ್ಕು.

ಹುಲಿ ಇದ್ದರೆ ನಮಗೇನು ಲಾಭ ಅಂತ ಕೆಲವರು ಕೇಳ್ತಾರೆ. ಹುಲಿಗೆ ಬದುಕೋಕೆ ಜಿಂಕೆ, ಕಡವೆ ಬೇಕು. ಅವಕ್ಕೆ ಹುಲ್ಲು, ಸೊಪ್ಪು, ನೀರು ಬೇಕು. ಹುಲ್ಲು, ಸೊಪ್ಪು ಚೆನ್ನಾಗಿರಬೇಕಾದರೆ ಕಾಡು ಚೆನ್ನಾಗಿರಬೇಕು. ಹುಲಿಗೆ ಅಂತ ಹಾಕಿದ ಬೇಲಿಯೊಳಗೆ ನಮ್ಮ ಹಳ್ಳವೂ ಉಳಿದುಕೊಂಡಿದೆ. ಇದೇ ಲಾಭ.

ಕಾಡು ಬಿಟ್ಟು ಬಂದವರು

ಆದರೆ ಈ ಲಾಭಕ್ಕೆ ಬೆಲೆ ತೆತ್ತವರು ಯಾರು ಅನ್ನೋದನ್ನೂ ಬರೆಯಬೇಕು.

ಧಾಮದೊಳಗೆ ಹಳ್ಳಿಗಳಿದ್ದವು. ಗದ್ದೆ, ಮನೆ, ದೇವಸ್ಥಾನ ಎಲ್ಲ ಇತ್ತು. 2001, 2002ರ ಸುಮಾರಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳು ಅಲ್ಲಿಂದ ಎದ್ದು ಬಂದವು. ಕೆಲವರಿಗೆ ಲಕ್ಕವಳ್ಳಿ ಹತ್ತಿರ ಎಂ.ಸಿ. ಹಳ್ಳಿಯಲ್ಲಿ, ಕೆಲವರಿಗೆ ಕೆಳಗೂರಿನಲ್ಲಿ ಜಮೀನು, ಮನೆ ಜಾಗ ಕೊಟ್ಟರು. ದೇಶದ ಬೇರೆ ಕಡೆಯ ಸ್ಥಳಾಂತರಗಳಿಗೆ ಹೋಲಿಸಿದರೆ ಇದು ಚೆನ್ನಾಗಿ ನಡೆಯಿತು ಅಂತ ಓದಿದವರು ಬರೆದಿದ್ದಾರೆ. ನನ್ನ ಅಜ್ಜಿ ಬಂದದ್ದು ಎಂ.ಸಿ. ಹಳ್ಳಿಗೆ.

ಅಜ್ಜಿಯನ್ನು ಕೇಳಿದೆ, "ಅಜ್ಜೀ, ಅಲ್ಲಿ ಚೆನ್ನಾಗಿತ್ತಾ, ಇಲ್ಲಿ ಚೆನ್ನಾಗಿದೆಯಾ?" ಅವರು ಹೇಳಿದ್ದನ್ನು ಹಾಗೇ ಬರೀತೀನಿ.

"ಅಲ್ಲಿ ಕರೆಂಟಿಲ್ಲ, ಆಸ್ಪತ್ರೆ ಇಲ್ಲ. ಮಳೆಗಾಲದಾಗೆ ಹಳ್ಳ ತುಂಬಿದ್ರೆ ಮಕ್ಳು ಇಸ್ಕೂಲಿಗೆ ಹೋಗಂಗಿಲ್ಲ. ಭತ್ತ ಹಾಲುದುಂಬ್ತು ಅನ್ನೋ ಹೊತ್ತಿಗೆ ಆನೆ ಬರೋದು. ನಿಮ್ಮ ತಾತ ಅಟ್ಟಣೆ ಮೇಲೆ ಕೂತು ರಾತ್ರಿಯೆಲ್ಲ ತಮಟೆ ಬಡ್ದು ಬಡ್ದು ಬೆಳಿಗ್ಗೆ ಗೆಯ್ಯಕ್ಕೆ ತ್ರಾಣ ಇರ್ತಿರ್ಲಿಲ್ಲ. ಇಲ್ಲಿ ನಿಮ್ಮಮ್ಮ ಓದಿದ್ಲು, ಅದು ಒಳ್ಳೇದಾಯ್ತು. ಆದ್ರೆ ಬಂದ ಹೊಸ್ದಾಗಿ ಒಂದು ತಿಂಗ್ಳು ನಂಗೆ ನಿದ್ದೆನೇ ಇಲ್ಲ ಕಣೇ. ಹಳ್ಳದ ಸದ್ದು ಇರ್ಲಿಲ್ಲವಲ್ಲ."

ಅಲ್ಲಿ ಅವರ ಮನೆಗೆ ನೀರು ತರೋ ಕೆಲಸವೇ ಇರಲಿಲ್ಲವಂತೆ. ಗುಡ್ಡದ ಒರತೆಗೆ ಅಡಿಕೆ ದಬ್ಬೆ ಜೋಡಿಸಿ ಬಚ್ಚಲ ಹಂಡೆಗೇ ನೀರು ಬೀಳುವ ಹಾಗೆ ಮಾಡಿಕೊಂಡಿದ್ದರಂತೆ. ಬೇಸಿಗೆಯಲ್ಲಿ ದಾರ ಸಣ್ಣಗಾಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ.

ನಾನು ಅಜ್ಜಿಗೆ ಭೂಪಟ ತೋರಿಸಿದೆ. "ಅಜ್ಜೀ, ನಿಮ್ಮ ಹಳ್ಳ ಹೋಗಿ ಸೋಮವಾಹಿನಿ ಸೇರುತ್ತೆ, ಅದು ಭದ್ರೆಗೆ, ಭದ್ರೆ ಡ್ಯಾಮಿಗೆ, ಡ್ಯಾಮಿಂದ ಚಾನಲ್, ಚಾನಲ್‌ನಿಂದ ನಮ್ಮ ಗದ್ದೆ. ನೀವು ಬಿಟ್ಟು ಬಂದ ನೀರು ನಮ್ಮೂರಿಗೇ ಬಂದಿದೆ." ಅಜ್ಜಿ ಭೂಪಟದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಹಂಗಾದ್ರೆ ಆ ಚಾನಲ್‌ನಾಗೆ ಔಷಧಿ ಡಬ್ಬ ತೊಳೀಬ್ಯಾಡ್ರಿ ಅಂತ ನಿಮ್ಮಪ್ಪಂಗೆ ಹೇಳು."

ನನಗೆ ನಗು ಬಂತು, ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಒಂದಷ್ಟು ಜನ ತಮ್ಮ ಊರನ್ನೇ ಬಿಟ್ಟುಕೊಟ್ಟಿದ್ದಾರೆ. ಅವರ ಗದ್ದೆಯಲ್ಲಿ ಈಗ ಹುಲ್ಲು ಬೆಳೆದು ಜಿಂಕೆ ಮೇಯುತ್ತಿವೆ. ಅದರ ಫಲ ಉಣ್ಣುತ್ತಿರುವವರಲ್ಲಿ ಚಾನಲ್ ಕೆಳಗಿನ ನಾವೂ ಇದ್ದೀವಿ. ನಾವು ಪ್ಲಾಸ್ಟಿಕ್ ಎಸೆದು, ಬೆಂಕಿ ಹಚ್ಚಿ ಅದನ್ನು ಕೆಡಿಸಿದರೆ ಅವರು ಬಿಟ್ಟು ಬಂದದ್ದಕ್ಕೆ ಏನು ಅರ್ಥ?

ಮೇಲೆ ಕೆದಕಿದರೆ ಕೆಳಗೆ ಕೆಸರು

ಬೆಟ್ಟಕ್ಕೂ ಹೊಳೆಗೂ ಇರುವ ನಂಟು ತಿಳಿಯೋಕೆ ಕುದುರೆಮುಖದ ಕಥೆ ಸಾಕು. ಭದ್ರೆ ಹುಟ್ಟುವ ಸೀಮೆಯದು. ಅಲ್ಲಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆ ಅಂತ ದೊಡ್ಡ ಗಣಿ ತೆರೆದರು. ಸಾವಿರಾರು ಜನರಿಗೆ ಕೆಲಸ ಸಿಕ್ಕಿತು, ಒಂದು ಊರೇ ಎದ್ದಿತು. ಆದರೆ ಮಲೆನಾಡಿನ ಮಳೆಗೆ ಅಗೆದ ಮಣ್ಣು ನಿಲ್ಲುತ್ತದೆಯೇ? ಮಳೆಗಾಲದಲ್ಲಿ ಭದ್ರೆ ಕೆಂಪಗೆ ಹರಿಯುತ್ತಿದ್ದಳು. ಅದಿರು ತೆಗೆದ ಮೇಲೆ ಉಳಿದ ಕೆಸರನ್ನು ತಡೆಯೋಕೆ ಲಕ್ಯಾ ಹಳ್ಳಕ್ಕೆ ದೊಡ್ಡ ಅಣೆಕಟ್ಟೆಯನ್ನೇ ಕಟ್ಟಬೇಕಾಯಿತು. ಅದರಲ್ಲಿ ತುಂಬಿರೋದು ನೀರಿಗಿಂತ ಹೆಚ್ಚಾಗಿ ಗಣಿಯ ಹೂಳು.

1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಗಣಿ ಬೇಡ ಅಂತ ಜನ ಹೋರಾಡಿದರು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2002ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು. ಕೆಲಸ ಹೋದವರಿಗೆ ಕಷ್ಟವಾಯಿತು ಅನ್ನೋದೂ ನಿಜ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖವೂ ಅದರಲ್ಲಿತ್ತು. ಆದರೆ ಅಗೆದ ಗುಡ್ಡ ಮತ್ತೆ ಮೊದಲಿನ ಹಾಗೆ ಆಗಲು ನಮ್ಮ ಆಯಸ್ಸು ಸಾಲದು. 250 ಕೋಟಿ ವರ್ಷದ ಬೆಟ್ಟವನ್ನು ಕರಗಿಸೋಕೆ ಇಪ್ಪತ್ತೈದು ವರ್ಷ ಸಾಕಾಯಿತು ನೋಡಿ.

ಪ್ರವಾಸಕ್ಕೆ ಹೊರಡುವ ಮುಂಚೆ

ಇನ್ನು ನಾವೇನು ಮಾಡಬಹುದು? ದೊಡ್ಡ ದೊಡ್ಡ ಮಾತು ಬೇಡ. ನಮ್ಮ ಕೈಲಾಗುವಷ್ಟು ಬರೆಯುತ್ತೇನೆ.

1. ಬುತ್ತಿಯನ್ನು ಡಬ್ಬಿಯಲ್ಲಿ ತರೋಣ. ಚಿಪ್ಸ್, ಬಿಸ್ಕತ್ತಿನ ಖಾಲಿ ಪೊಟ್ಟಣವನ್ನು ಚೀಲದಲ್ಲೇ ಹಾಕಿಕೊಂಡು ವಾಪಸ್ ತರೋಣ. ಗಿರಿಯಲ್ಲಿ ಎಸೆದದ್ದು ಮಳೆಗೆ ತೇಲಿ ಹಳ್ಳಕ್ಕೆ, ಹಳ್ಳದಿಂದ ಕಾಟಿ, ಕಡವೆಯ ಹೊಟ್ಟೆಗೆ.

2. ಕಾಲುದಾರಿ ಬಿಟ್ಟು ಹುಲ್ಲಿನ ಮೇಲೆ ಓಡೋದು, ಜಾರೋದು ಬೇಡ. ಎಲ್ಲರೂ ಹೊಸ ಹೊಸ ದಾರಿ ಮಾಡಿದರೆ ಮಳೆ ಬಂದಾಗ ಆ ದಾರಿಯೇ ಕೊರಕಲು.

3. ಬೆಂಕಿಪೊಟ್ಟಣ ಯಾರೂ ತರಬಾರದು. ದೊಡ್ಡವರು ಯಾರಾದರೂ ಬೀಡಿ, ಸಿಗರೇಟು ಸೇದಿ ಎಸೆದರೆ "ಅಣ್ಣಾ, ದಯವಿಟ್ಟು ಆರಿಸಿ ಹಾಕಿ" ಅಂತ ಹೇಳೋಣ. ಬೈದರೆ ಬೈಸಿಕೊಳ್ಳೋಣ.

4. ಒಂದು ಐದು ನಿಮಿಷ ಎಲ್ಲರೂ ಬಾಯಿ ಮುಚ್ಚಿಕೊಂಡು ನಿಲ್ಲೋಣ. ಗಾಳಿಯ ಸದ್ದು, ಹಕ್ಕಿಯ ಸದ್ದು, ಎಲ್ಲೋ ಕೆಳಗಿನ ಹಳ್ಳದ ಸದ್ದು ಕೇಳುತ್ತಾ ಅಂತ ನೋಡೋಣ. (ನಮ್ಮ ತರಗತಿಯ ಕೆಲವರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ!)

5. ಊರಿಗೆ ಬಂದ ಮೇಲೆ, ಚಾನಲ್‌ನಲ್ಲಿ ಔಷಧಿ ಡಬ್ಬ, ಗೊಬ್ಬರದ ಚೀಲ ತೊಳೆಯಬೇಡಿ ಅಂತ ಅವರವರ ಮನೆಯಲ್ಲಿ ಹೇಳೋಣ. ನಾನು ನಮ್ಮಪ್ಪನಿಗೆ ಹೇಳಿದ್ದೇನೆ. ಈಗ ಅವರು ಗದ್ದೆಯ ಮೂಲೆಯಲ್ಲಿ ಗುಂಡಿ ತೋಡಿ, ನೀರು ಬಕೆಟ್‌ನಲ್ಲಿ ತಂದು ಅಲ್ಲೇ ತೊಳೆಯುತ್ತಾರೆ.

ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮುತ್ತೋಡಿ, ಜಾಗರದ ಕಡೆಯಿಂದ ಬಂದ ಹಿರಿಯರು ನಮ್ಮ ಸುತ್ತಮುತ್ತ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬಿಬ್ಬರನ್ನು ಒಂದು ಶನಿವಾರ ಶಾಲೆಗೆ ಕರೆಸಿ. ಯಾವ ಹಳ್ಳಕ್ಕೆ ಏನು ಹೆಸರು, ಯಾವ ಒರತೆ ಎಲ್ಲಿತ್ತು, ಯಾವ ಮರದಲ್ಲಿ ಜೇನು ಕಟ್ಟುತ್ತಿತ್ತು ಅನ್ನೋದು ಅವರಿಗೆ ಗೊತ್ತು. ಅಜ್ಜಿಯ ಹತ್ತಿರ ಕೇಳಿ ನಾನು ಈಗಾಗಲೇ ಹನ್ನೊಂದು ಹಳ್ಳದ ಹೆಸರು ಬರೆದುಕೊಂಡಿದ್ದೇನೆ. ಅದರಲ್ಲಿ ಒಂದೂ ನಮ್ಮ ಭೂಪಟದಲ್ಲಿಲ್ಲ. ಇನ್ನೂ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ಕೊಡಿ, ಎಲ್ಲ ಸೇರಿಸಿ ಒಂದು ದೊಡ್ಡ ಭೂಪಟ ಬರೆಯೋಣ.

ಹೇಳಿ ನೋಡೋಣ

(ಅ) ಮುಳ್ಳಯ್ಯನಗಿರಿ ಸಾಲಿನಲ್ಲಿ ಬಿದ್ದ ಮಳೆ ಕೃಷ್ಣೆಗೂ ಹೋಗುತ್ತೆ, ಕಾವೇರಿಗೂ ಹೋಗುತ್ತೆ. ಹೇಗೆ?

(ಆ) ಧಾಮದ ಮೇಲೆಲ್ಲ 10 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ಲೀಟರ್ ನೀರು?

(ಇ) ಮಾರ್ಚ್ ತಿಂಗಳಲ್ಲಿ ಹಳ್ಳದಲ್ಲಿ ಹರಿಯುವ ನೀರು ಯಾವ ಮಳೆಯದು?

(ಈ) ನಿಮ್ಮ ಮನೆಯ ಬಾವಿ ಅಥವಾ ಬೋರ್‌ವೆಲ್ ನೀರಿನ ತವರುಮನೆ ಯಾವುದು? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.

ಉತ್ತರಗಳನ್ನು ಬಿಳಿ ಹಾಳೆಯಲ್ಲಿ ದುಂಡಾಗಿ ಬರೆದು, ಹೆಸರು ಮತ್ತು ತರಗತಿ ನಮೂದಿಸಿ, ಕನ್ನಡ ಮೇಷ್ಟ್ರ ಮೇಜಿನ ಮೇಲಿನ ಡಬ್ಬಿಗೆ ಹಾಕಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.

— 9ನೇ ತರಗತಿ ವಿದ್ಯಾರ್ಥಿನಿ